ದಂಡಿನ ಗಿಟಾರು, ನಗೆಗೆರೆಯ ಚರಿತ್ರೆ

ಎಂ.ಜಿ. ರಸ್ತೆಯಲ್ಲಿ ಈಗ ಮೆಟ್ರೊ ನಿಲ್ದಾಣವಿರುವ ಕಡೆ ಮೊದಲು ಪ್ಲಾಜಾ ಚಿತ್ರಮಂದಿರವಿತ್ತು. 1936ರಲ್ಲಿ ಕಟ್ಟಿದ್ದು. ದಂಡು ಪ್ರದೇಶದ ಹುಡುಗರು ಇಂಗ್ಲಿಷ್ ಸಿನಿಮಾ ನೋಡಿದ್ದು ಅಲ್ಲಿ, ಇಲ್ಲವೇ ಬ್ರಿಗೇಡ್ ರಸ್ತೆಯ ರೆಕ್ಸ್‌ನಲ್ಲಿ. ಗಿಟಾರನ್ನು ಹೆಗಲಿಗೆ ಹೇಗೆ ನೇತುಹಾಕಿಕೊಳ್ಳಬೇಕು, ಕೂದಲು ಎಲ್ಲಿಯವರೆಗೆ ಇಳಿಯಬೇಕು, ಪ್ಯಾಂಟಿನ ಕಾಲು ಎಷ್ಟಗಲ ಇರಬೇಕು ಎಂಬುದನ್ನೆಲ್ಲ ಅವರು ಕಲಿತದ್ದು ಈ ಪರದೆಗಳ ಮುಂದೆ ಕೂತು. ಪ್ಲಾಜಾ ಹೋಯಿತು. ಲಿಡೊ ಚಿತ್ರಮಂದಿರ ಮಾಲ್ ಆಯಿತು. ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು.

ಬೆಂಗಳೂರಿನ ರಾಕ್ ಸಂಗೀತದ ಚರಿತ್ರೆ ಬರೆಯಹೊರಟವರಿಗೆ ಮೊದಲ ತೊಡಕು ಇದೇ: ಕೈಗೆ ಸಿಗುವಂಥದ್ದು ಹೆಚ್ಚೇನೂ ಉಳಿದಿಲ್ಲ. 1960, 70ರ ದಶಕಗಳಲ್ಲಿ ಇಲ್ಲಿ ಬಾರಿಸಿದ ತಂಡಗಳ ಪೈಕಿ ಧ್ವನಿಮುದ್ರಿಕೆಯವರೆಗೆ ಹೋದವು ತೀರ ಕಡಿಮೆ. ಬಾರಿಸಿದ್ದೆಲ್ಲ ರೆಸ್ಟೊರೆಂಟಿನ ಹೊಗೆಯಲ್ಲಿ, ಕಾಲೇಜಿನ ಸಭಾಂಗಣದಲ್ಲಿ, ಚರ್ಚಿನ ಹಿಂದಿನ ಹಾಲಿನಲ್ಲಿ ಕರಗಿಹೋಯಿತು. ಕನ್ನಡ ಪತ್ರಿಕೆಗಳಿಗೆ ಅದು ಸುದ್ದಿಯಾಗಿರಲಿಲ್ಲ. ಇಂಗ್ಲಿಷ್ ಪತ್ರಿಕೆಗಳಿಗೆ ಮನರಂಜನೆಯ ಪುಟದ ಮೂಲೆಯಲ್ಲಿ ನಾಲ್ಕು ಸಾಲು, ಅಷ್ಟೆ. ಹಾಗಾಗಿ ಆ ಕಾಲ ಹೇಗಿತ್ತೆಂದು ಕೇಳಿದರೆ ದಂಡಿನ ಹಳಬರು ಕಡತ ತೋರಿಸುವುದಿಲ್ಲ, ಪಾಲ್ ಫರ್ನಾಂಡಿಸ್ ಬರೆದ ವ್ಯಂಗ್ಯಚಿತ್ರಗಳ ಕಡೆಗೆ ಕೈ ತೋರಿಸುತ್ತಾರೆ.

ಇದರಲ್ಲಿ ತಮಾಷೆಯೂ ಇದೆ, ಒಂದು ಔಚಿತ್ಯವೂ ಇದೆ. ಸಾಲ ತಂದ ಸಂಗೀತವನ್ನು ಸಾಲ ತಂದ ಉಡುಪಿನಲ್ಲಿ ಬಾರಿಸಿದವರ ಕತೆಯನ್ನು ನಗದೆ ಹೇಳುವುದು ಕಷ್ಟ. ಆದರೆ ಆ ನಗು ಯಾರದ್ದು, ಅದು ಯಾರನ್ನು ಚೌಕಟ್ಟಿನ ಹೊರಗೆ ನಿಲ್ಲಿಸಿತು ಎಂಬ ಪ್ರಶ್ನೆ ಬೇರೆಯೇ ಇದೆ.

ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಹೂಡಿದ್ದು 1809ರಲ್ಲಿ. ಹಲಸೂರು ಕೆರೆಯ ಮಗ್ಗುಲಿಗೆ ಮದ್ರಾಸ್ ಸ್ಯಾಪರ್ಸ್ ಬಂದು ನೆಲೆಸಿದ್ದು 1834ರಲ್ಲಿ. ಪಟಾಲಮ್ಮು ಬಂದ ಮೇಲೆ ಬ್ಯಾಂಡೂ ಬಂತು. ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಸಂಜೆ ಹೊತ್ತು ಕಹಳೆ ಡೋಲುಗಳ ಕಚೇರಿ. 1868ರಲ್ಲಿ ಶುರುವಾದ ಬೌರಿಂಗ್ ಇನ್‌ಸ್ಟಿಟ್ಯೂಟ್‌ನಂಥ ಕಡೆ ನೃತ್ಯ. ಇದಕ್ಕೆಲ್ಲ ಸ್ವರಲಿಪಿ ಓದಬಲ್ಲ ವಾದ್ಯಗಾರರು ಬೇಕಿತ್ತು. ಆಂಗ್ಲೋ-ಇಂಡಿಯನ್ನರು, ಗೋವಾ ಮತ್ತು ಮಂಗಳೂರಿನ ಕ್ರೈಸ್ತರು, ತಮಿಳು ಕ್ರೈಸ್ತರು ಆ ಕೆಲಸಕ್ಕೆ ಒದಗಿದರು. ತಂದೆ ರೆಜಿಮೆಂಟಿನ ಬ್ಯಾಂಡಿನಲ್ಲಿ ಊದಿದರೆ ಮಗ ರೆಸ್ಟೊರೆಂಟಿನಲ್ಲಿ ಸ್ಯಾಕ್ಸೊಫೋನ್ ನುಡಿಸಿದ, ಮೊಮ್ಮಗ ಎಲೆಕ್ಟ್ರಿಕ್ ಗಿಟಾರು ಕೊಡಿಸೆಂದು ಹಟ ಹಿಡಿದ. ಫ್ರೇಜರ್ ಟೌನ್, ಕಾಕ್ಸ್ ಟೌನ್, ರಿಚರ್ಡ್ಸ್ ಟೌನ್, ಲಿಂಗರಾಜಪುರದ ಎಷ್ಟೋ ಮನೆಗಳ ವಂಶಾವಳಿ ಹೀಗೇ. ಪೂರ್ವಕ್ಕೆ ಇನ್ನೂ ಮುಂದೆ, ಕೆ.ಆರ್. ಪುರದಾಚೆ, ಡಿ.ಎಸ್. ವೈಟ್ ಎಂಬಾತ ಆಂಗ್ಲೋ-ಇಂಡಿಯನ್ನರಿಗಾಗಿಯೇ 1882ರಲ್ಲಿ ಮೈಸೂರು ಮಹಾರಾಜರಿಂದ ಜಮೀನು ಪಡೆದು ವೈಟ್‌ಫೀಲ್ಡ್ ಕಟ್ಟಿಸಿದ್ದ.

1947ರ ನಂತರ ಈ ಮನೆಗಳು ಒಂದೊಂದಾಗಿ ಖಾಲಿಯಾಗತೊಡಗಿದವು. ಇಂಗ್ಲೆಂಡು, ಆಸ್ಟ್ರೇಲಿಯಾ, ಕೆನಡಾ. ಕುಟುಂಬದ ವೀಸಾ ಬಂದೊಡನೆ ಅದರ ಜೊತೆ ತಂಡದ ಡ್ರಮ್ಮರೂ ಹಡಗು ಹತ್ತುತ್ತಿದ್ದ. ಹೋದವರು ರೆಕಾರ್ಡು ಕಳಿಸುತ್ತಿದ್ದರು. ಆ ರೆಕಾರ್ಡು ಬೀದಿಯಿಂದ ಬೀದಿಗೆ ಸುತ್ತಿ ಗೀರುಬಿದ್ದು ಸವೆಯುವ ತನಕ ಕೇಳಿ, ಮಾತು ಕಿವಿಗೆ ಬಿದ್ದಷ್ಟು ಬರೆದುಕೊಂಡು, ಬೀಳದ ಕಡೆ ಬಾಯಿಗೆ ಬಂದದ್ದು ಸೇರಿಸಿಕೊಂಡು ಹಾಡುತ್ತಿದ್ದರು. ಮಿಕ್ಕದ್ದಕ್ಕೆ ರೇಡಿಯೊ ಸಿಲೋನ್ ಇತ್ತು. ಅಲ್ಲಿ ಕೇಳುವ ಕ್ಲಿಫ್ ರಿಚರ್ಡ್ ಲಖನೌದಲ್ಲಿ ಹುಟ್ಟಿದವನೆಂಬುದು ದಂಡಿನವರಿಗೆ ಗೊತ್ತಿತ್ತು. ‘ನಮ್ಮ ಹುಡುಗ’ ಎಂಬ ಹೆಮ್ಮೆ. ಗಿಟಾರುಗಳು ಕಲ್ಕತ್ತೆಯಿಂದ ಬರುತ್ತಿದ್ದವು. ಅಮೆರಿಕದ ಗಿಬ್ಸನ್ ಕೈಗೆಟುಕದು, ಕಲ್ಕತ್ತೆಯ ಗಿವ್‌ಸನ್ ಎಟುಕೀತು. ಒಂದಕ್ಷರದ ವ್ಯತ್ಯಾಸದಲ್ಲಿ ಸಾವಿರಾರು ರೂಪಾಯಿ ಉಳಿತಾಯ.

ದಂಡಿನ ಈ ಹುಡುಗರ ಪೈಕಿ ದೊಡ್ಡ ಯಶಸ್ಸು ಕಂಡವನು ಕೊಡವರ ಹುಡುಗ ಬಿದ್ದು ಅಪ್ಪಯ್ಯ. ಬೆಂಗಳೂರಿನಲ್ಲಿ ಹುಟ್ಟಿ, ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ‘ಟ್ರೋಜನ್ಸ್’ ಎಂಬ ತಂಡ ಕಟ್ಟಿ, ಅದು ಚದುರಿದ ಮೇಲೂ ಒಬ್ಬನೇ ಹಾಡಿಕೊಂಡು ತಿರುಗಿ, 1967ರಲ್ಲಿ ಲಂಡನ್ನಿಗೆ ಹೋದ. 1974ರಲ್ಲಿ ಆತ ಮಾಡಿಕೊಟ್ಟ ‘ಕುಂಗ್ ಫು ಫೈಟಿಂಗ್’ ಇಂಗ್ಲೆಂಡ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಅದು ರೆಕಾರ್ಡಿನ ಹಿಂಬದಿಗೆಂದು, ಸ್ಟುಡಿಯೊದಲ್ಲಿ ಉಳಿದಿದ್ದ ಅಲ್ಪ ಸಮಯದಲ್ಲಿ, ಗಡಿಬಿಡಿಯಲ್ಲಿ ಮುಗಿಸಿದ ಹಾಡು. ಬೆಂಗಳೂರಿನ ಕೊಡವ ಸಂಯೋಜಕ, ಜಮೈಕಾದಲ್ಲಿ ಹುಟ್ಟಿದ ಗಾಯಕ, ಲಂಡನ್ನಿನ ಸ್ಟುಡಿಯೊ, ಚೀನೀ ಮಲ್ಲವಿದ್ಯೆಯ ಹುಚ್ಚು. ಇದನ್ನು ವ್ಯಂಗ್ಯಚಿತ್ರಕಾರ ಕಲ್ಪಿಸಿ ಬರೆದಿದ್ದರೆ ಸಂಪಾದಕರು ‘ಸ್ವಲ್ಪ ಅತಿಯಾಯ್ತು’ ಎಂದು ವಾಪಸು ಕೊಡುತ್ತಿದ್ದರೇನೋ.

ಬಿದ್ದು ಹೋದ ಮೇಲೂ ಊರು ಸುಮ್ಮನಾಗಲಿಲ್ಲ. 1970ರ ದಶಕದ ಆರಂಭದಲ್ಲಿ ‘ಹ್ಯೂಮನ್ ಬಾಂಡೇಜ್’ ಎಂಬ ತಂಡ ಬೆಂಗಳೂರಿನಲ್ಲಿ ಕುದುರಿಕೊಂಡಿತು. ಅಣ್ಣತಮ್ಮಂದಿರಾದ ಸುರೇಶ್ ಮತ್ತು ರಮೇಶ್ ಶೊಟ್ಟಮ್, ಹಾಡಲು ರಾಧಾ ಥಾಮಸ್. ಡ್ರಮ್ಸ್ ನುಡಿಸುತ್ತಿದ್ದ ರಮೇಶ್ ಮುಂದೆ ಮಾಡಿದ ಕೆಲಸವೇ ನನಗೆ ಆ ಕಾಲದ ಸ್ವಾರಸ್ಯದ ಸಂಗತಿ ಎನಿಸುವುದು. ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿಗೆ ಹೋಗಿ ತವಿಲು ಕಲಿತು, ಆಮೇಲೆ ಜರ್ಮನಿಯಲ್ಲಿ ನೆಲೆಸಿ ಜಾಝ್ ವಾದಕನಾಗಿ ಹೆಸರು ಮಾಡಿದರು. ರಾಕ್ ಬಾರಿಸುತ್ತಿದ್ದವರಿಗೆ ದೇವಸ್ಥಾನದ ವಾದ್ಯ ಕಾಣಲೇ ಇಲ್ಲ ಎನ್ನುವಂತಿಲ್ಲ.

ಹಣ ಹೂಡುತ್ತಿದ್ದವರು ಯಾರು? ಹೆಚ್ಚಾಗಿ ಸಿಗರೇಟು ಕಂಪನಿಯವರು. ಇಂಪೀರಿಯಲ್ ಟೊಬ್ಯಾಕೊ ಕಂಪನಿ ಸಿಮ್ಲಾ ಎಂಬ ಸಿಗರೇಟನ್ನು ಹುಡುಗರಿಗೆ ಹಿಡಿಸಲು ‘ಸಿಮ್ಲಾ ಬೀಟ್’ ಸ್ಪರ್ಧೆ ನಡೆಸಿ, 1970 ಮತ್ತು 71ರಲ್ಲಿ ಗೆದ್ದವರ ಎಲ್.ಪಿ. ರೆಕಾರ್ಡುಗಳನ್ನು ಹೊರತಂದಿತು. ಅದೇ ಕಂಪನಿಯ ಬೆಂಗಳೂರು ಕಾರ್ಖಾನೆ 1912ರಿಂದ ಫ್ರೇಜರ್ ಟೌನಿನ ಪಕ್ಕದಲ್ಲೇ ಇತ್ತು. ಬಂಡಾಯದ ಸಂಗೀತಕ್ಕೆ ತಂಬಾಕಿನ ದುಡ್ಡು. ಸೈರನ್ನು ಕೂಗಿದಾಗ ಹೊರಬರುತ್ತಿದ್ದ ಕಾರ್ಮಿಕರ ಬೀದಿಯ ಆಚೆಯೇ ಗಿಟಾರಿನ ತಾಲೀಮು.

ಇದೇ ವೇಳೆ ಹೊರಗಿನ ಲೋಕದಲ್ಲಿ ರಾಕ್‌ಗೂ ವ್ಯಂಗ್ಯಚಿತ್ರಕ್ಕೂ ನಂಟು ಬೆಳೆದಿತ್ತು. 1968ರಲ್ಲಿ ಜಾನಿಸ್ ಜಾಪ್ಲಿನ್ ಹಾಡಿದ ‘ಚೀಪ್ ಥ್ರಿಲ್ಸ್’ ರೆಕಾರ್ಡಿನ ಹೊದಿಕೆ ರಾಬರ್ಟ್ ಕ್ರಂಬ್ ಎಂಬ ಚಿತ್ರಕಾರನದ್ದು. ಅದನ್ನು ಹತ್ತಿರದಿಂದ ನೋಡಬೇಕು. ನಡುವೆ ಒಂದು ವೃತ್ತ, ಅದರಿಂದ ಹೋಳು ಹೋಳಾಗಿ ಸುತ್ತ ಹಬ್ಬಿದ ಚೌಕಟ್ಟುಗಳು, ಹಾಡಿಗೊಂದು ಚಿತ್ರ. ಒಂದರಲ್ಲಿ ಕಾಲಿಗೆ ಸಂಕೋಲೆ ಗುಂಡು ಕಟ್ಟಿಸಿಕೊಂಡ ಹೆಂಗಸು ಅದನ್ನೆಳೆಯುತ್ತ ನಡೆದಿದ್ದಾಳೆ, ಇನ್ನೊಂದರಲ್ಲಿ ಆಮೆ. ಮತ್ತೊಂದರಲ್ಲಿರುವ ಕರಿಯ ಹೆಂಗಸಿನ ಚಿತ್ರ ಇಂದು ನೋಡಿದರೆ ಹೇಸಿಕೆ ಹುಟ್ಟಿಸುತ್ತದೆ. ಹೊದಿಕೆಯ ಹಿಂಬದಿಗೆಂದು ಬರೆಸಿದ್ದನ್ನು ಜಾಪ್ಲಿನ್ ಮೆಚ್ಚಿ ಮುಂಬದಿಗೆ ತರಿಸಿದಳು. ವಿಚಿತ್ರವೆಂದರೆ ಕ್ರಂಬ್‌ಗೆ ರಾಕ್ ಎಂದರೆ ಅಷ್ಟಕ್ಕಷ್ಟೆ. ಅವನ ಪ್ರೀತಿಯೆಲ್ಲ 1920ರ ದಶಕದ 78 ಸುತ್ತಿನ ಹಳೆ ರೆಕಾರ್ಡುಗಳ ಮೇಲೆ. 1979ರಲ್ಲಿ ‘ದಿ ಕ್ಲಾಶ್’ ತಂಡದ ಅಮೆರಿಕ ಪ್ರವಾಸಕ್ಕೆ ರೇ ಲೋರಿ ಎಂಬ ಇಂಗ್ಲಿಷ್ ವ್ಯಂಗ್ಯಚಿತ್ರಕಾರ, ಯುದ್ಧಭೂಮಿಗೆ ಹೋಗುವ ಚಿತ್ರಕಾರನ ಠೀವಿಯಲ್ಲಿ, ಜೊತೆಗೆ ಹೋದ. ಅದೇ ವರ್ಷ ಪಿಂಕ್ ಫ್ಲಾಯ್ಡ್‌ನ ‘ದಿ ವಾಲ್’ಗೆ ಗೆರೆ ಕೊಟ್ಟವನು ರಾಜಕೀಯ ವ್ಯಂಗ್ಯಚಿತ್ರಕಾರ ಜೆರಾಲ್ಡ್ ಸ್ಕಾರ್ಫ್. ಮೂರು ವರ್ಷದ ನಂತರ ಬಂದ ಸಿನಿಮಾದಲ್ಲಿ ಅವನ ಸುತ್ತಿಗೆಗಳು ಸೈನಿಕರ ಹಾಗೆ ಹೆಜ್ಜೆ ಹಾಕಿದವು. ಅಂದರೆ ಅಲ್ಲಿ ವ್ಯಂಗ್ಯಚಿತ್ರ ರಾಕ್‌ನ ಜೊತೆಜೊತೆಗೇ ಬೆಳೆಯಿತು, ಅದನ್ನು ಕಚ್ಚುತ್ತಲೂ ಇತ್ತು.

ನಮ್ಮಲ್ಲಿ ಹಾಗಾಗಲಿಲ್ಲ. ಇಲ್ಲಿ ಬ್ಯಾಂಡು ಮೊದಲು ಬಂತು, ನಗು ಬಹಳ ತಡವಾಗಿ.

ತಡವಾಗಲು ಕಾರಣ ಪೇಟೆಗೂ ದಂಡಿಗೂ ನಡುವೆ ಇದ್ದ ಕಬ್ಬನ್ ಪಾರ್ಕು ಎಂದರೆ ಪೂರ್ತಿ ತಮಾಷೆಯಲ್ಲ. ಪಾರ್ಕಿನ ಪಶ್ಚಿಮಕ್ಕಿದ್ದ ಪೇಟೆ, ಬಸವನಗುಡಿ, ಮಲ್ಲೇಶ್ವರಗಳಿಗೆ ತಮ್ಮದೇ ನಗೆಯಿತ್ತು. ಡಾ. ಎಂ. ಶಿವರಾಮ್, ನಮ್ಮ ರಾಶಿ, 1942ರಲ್ಲಿ ಶುರು ಮಾಡಿದ ‘ಕೊರವಂಜಿ’ ಇಪ್ಪತ್ತೈದು ವರ್ಷ ಮಧ್ಯಮ ವರ್ಗದ ಕನ್ನಡಿಗರನ್ನು ನಗಿಸಿತು; ಆರ್.ಕೆ. ಲಕ್ಷ್ಮಣ್ ಹುಡುಗನಾಗಿದ್ದಾಗ ಅದಕ್ಕೆ ಚಿತ್ರ ಬರೆದರು. ಆಮೇಲೆ ಬಿ.ವಿ. ರಾಮಮೂರ್ತಿಯವರ ‘ಮಿಸ್ಟರ್ ಸಿಟಿಜನ್’ ಬಂದ. ಈ ನಗೆಯ ಸರಕು ಬೆಲೆ ಏರಿಕೆ, ಮಂತ್ರಿಗಳು, ಕಚೇರಿಯ ಗುಮಾಸ್ತ, ನಲ್ಲಿಯಲ್ಲಿ ಬಾರದ ನೀರು. ರಾಮಮೂರ್ತಿ ಕೂತು ಬರೆಯುತ್ತಿದ್ದ ಪತ್ರಿಕಾ ಕಚೇರಿ ಇದ್ದದ್ದು ಎಂ.ಜಿ. ರಸ್ತೆಯಲ್ಲೇ, ಗಿಟಾರು ಕೇಳಿಸುವಷ್ಟು ಹತ್ತಿರ. ಆದರೂ ಅತ್ತಕಡೆಯವರ ಪಾಲಿಗೆ ಗಿಟಾರಿನ ಹುಡುಗ ಎಂದರೆ ‘ಹಿಪ್ಪಿ’. ಸಿನಿಮಾದಲ್ಲಿ ಒಂದು ಹಾಸ್ಯ ಸನ್ನಿವೇಶಕ್ಕೆ ಬಂದು ಹೋಗುವ ಉದ್ದಗೂದಲಿನ ಪಾತ್ರ, ಅಷ್ಟೆ.

1949ರಲ್ಲಿ ಪೇಟೆ ಮತ್ತು ದಂಡು ಎರಡನ್ನೂ ಒಂದೇ ನಗರಪಾಲಿಕೆಯಡಿ ತಂದರು. ಕಾಗದದ ಮೇಲೆ ಒಂದಾದವು. ಮನಸ್ಸಿನಲ್ಲಿ ಒಂದಾಗಲು ಇನ್ನೂ ಬಹಳ ಕಾಲ ಹಿಡಿಯಿತು. ಅಲ್ಲೊಂದು ಇಲ್ಲೊಂದು ಸೇತುವೆ ಇರಲಿಲ್ಲವೆಂದಲ್ಲ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಡಾ. ರಾಜ್‌ಕುಮಾರ್ ಇಡೀ ಹಾಡನ್ನು ಇಂಗ್ಲಿಷಿನಲ್ಲೇ ಹಾಡಿದರು. ದಶಕಗಳ ನಂತರ ಹುಡುಗರು ಅದನ್ನು ಹುಡುಕಿ ತೆಗೆದು ನಕ್ಕರು, ನಗುತ್ತಲೇ ಬಾಯಿಪಾಠ ಮಾಡಿಕೊಂಡರು.

ಇನ್ನೊಂದು ಸೇತುವೆ ಒಂದು ಮನೆ. ‘ಸಂಸ್ಕಾರ’ ಚಿತ್ರ ಮಾಡಿದ ಪಟ್ಟಾಭಿರಾಮ ರೆಡ್ಡಿ ಮತ್ತು ಅದರಲ್ಲಿ ಚಂದ್ರಿಯಾದ ಸ್ನೇಹಲತಾ ರೆಡ್ಡಿಯವರದ್ದು. ಅನಂತಮೂರ್ತಿ, ಲಂಕೇಶ್, ಕಾರ್ನಾಡರ ಸಂಗ ಒಂದೆಡೆ. ಇನ್ನೊಂದೆಡೆ ಮಗ ಕೊನಾರಕ್ ಕೈಯಲ್ಲಿ ಗಿಟಾರು. ನವ್ಯ ಸಾಹಿತ್ಯವೂ ರಾಕ್ ಸಂಗೀತವೂ ಒಂದೇ ಮನೆಯೊಳಗೆ ಇದ್ದದ್ದು ಈ ಊರಿನಲ್ಲಿ ಅಪರೂಪ. ತುರ್ತು ಪರಿಸ್ಥಿತಿ ಬಂತು. 1976ರಲ್ಲಿ ಸ್ನೇಹಲತಾ ಅವರನ್ನು ಬರೋಡಾ ಡೈನಮೈಟ್ ಪ್ರಕರಣದ ಹೆಸರಲ್ಲಿ ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಆಸ್ತಮಾ ಇತ್ತು, ತಕ್ಕ ಚಿಕಿತ್ಸೆ ಸಿಗಲಿಲ್ಲ. 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಕೊನಾರಕ್ ರೆಡ್ಡಿ ಗಿಟಾರು ವಾದಕರಾಗಿ ಈ ಊರಿನಲ್ಲೇ ಬೆಳೆದರು. ಎಪ್ಪತ್ತರ ದಶಕವೆಂದರೆ ಬೆಲ್ ಬಾಟಮ್ಮು, ಜಾಮ್ ಸೆಷನ್ನು, ಕೋಲ್ಡ್ ಕಾಫಿ ಎಂದು ಹೇಳುವವರ ಬಾಯಲ್ಲಿ ಈ ಜೈಲಿನ ಕತೆ ಬರುವುದು ಕಡಿಮೆ.

ಪಾಲ್ ಫರ್ನಾಂಡಿಸರ ಚಿತ್ರಗಳ ಬಗ್ಗೆ ಮಾತಾಡುವಾಗ ಇದನ್ನು ನೆನಪಿಟ್ಟುಕೊಳ್ಳಬೇಕಾಗುತ್ತದೆ. ಅವರು ದಂಡಿನ ಹುಡುಗನೇ. ಬರೋಡಾದಲ್ಲಿ ಚಿತ್ರಕಲೆ ಕಲಿತು, ಜಾಹೀರಾತಿನ ಕೆಲಸ ಮಾಡಿದವರು. 2003ರಲ್ಲಿ ಪೀಟರ್ ಕೊಲಾಸೊ ಬರೆದ, ಪೇಟೆ ಮತ್ತು ದಂಡಿನ ಒಂದು ಶತಮಾನದ ಕತೆಗಳನ್ನು ಹೇಳುವ ಇಂಗ್ಲಿಷ್ ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟರು. ಐ.ಟಿ. ಅಬ್ಬರದಲ್ಲಿ ಬಂಗಲೆಗಳು ಒಂದರ ಹಿಂದೊಂದು ಉರುಳುತ್ತಿದ್ದ ಕಾಲವದು. ಆಮೇಲೆ ‘ಬ್ಯಾಂಗಲೋರ್: ಸ್ವಿಂಗಿಂಗ್ ಇನ್ ದ ಸೆವೆಂಟೀಸ್’ ಎಂಬ ಸರಣಿ ಬಂತು. ರಿಚರ್ಡ್ಸ್ ಟೌನಿನ ಕ್ಲಾರ್ಕ್ ರಸ್ತೆಯ ಅವರ ಗ್ಯಾಲರಿಯ ಹೆಸರು ‘ಎಪಾಲಜಿ’: ತನ್ನ ಹೆಸರನ್ನೇ ಕ್ಷಮಾಪಣೆಯೊಳಗೆ ಹೊಲಿದುಕೊಂಡ ಮನುಷ್ಯ.

ಅವರ ಗೆರೆಗೆ ಎಲುಬಿಲ್ಲ. ಜನ ಬಾಗುತ್ತಾರೆ, ಹಿಗ್ಗುತ್ತಾರೆ, ಬಳುಕುತ್ತಾರೆ. ತೆಳುವಾದ ಜಲವರ್ಣ, ಒಂದೇ ಚಿತ್ರದಲ್ಲಿ ಹತ್ತಾರು ಪುಟ್ಟ ಪ್ರಸಂಗಗಳು. ಸಂತೆಯೊಳಗೆ ಪರಿಚಿತರನ್ನು ಹುಡುಕುವ ಹಾಗೆ ಕಣ್ಣು ಅಲೆಯುತ್ತದೆ. ರಸ್ತೆ ಖಾಲಿ, ಮರ ದಟ್ಟ, ಯಾರಿಗೂ ಅವಸರವಿಲ್ಲ. ಸಂಗೀತ ಅದರೊಳಗೆ ಬರುವುದು ಹಾಗೆಯೇ: ತಲೆಗೂದಲಿನ, ಅಗಲ ಪ್ಯಾಂಟಿನ, ಅದನ್ನು ಕಂಡು ಮೂಗು ಮುರಿಯುವ ಹಿರಿಯರ ಊರಿನ ಒಂದು ಭಾಗವಾಗಿ. ಒಂದು ಪೀಳಿಗೆ ತನ್ನ ಮೇಲೆ ತಾನೇ ನಗುತ್ತಿದೆ, ಪ್ರೀತಿಯಿಂದ. ಬ್ಯಾಂಡಿನ ಹೆಸರು, ಹಾಡಿನ ಪಟ್ಟಿ, ಇಸವಿ ಕೇಳಿದರೆ ಈ ಚಿತ್ರಗಳು ಹೇಳವು. ಆ ಸಂಗೀತ ಎಂಥ ಬಿಡುವಿನಲ್ಲಿ, ಎಂಥ ಬೀದಿಯಲ್ಲಿ ಹುಟ್ಟಿತು ಎಂಬುದನ್ನು ಇವುಗಳಷ್ಟು ಚೆನ್ನಾಗಿ ಬೇರೆ ಯಾವುದೂ ಹೇಳುವುದಿಲ್ಲ.

ಆದರೆ ಈ ನಗು ಕಚ್ಚುವುದಿಲ್ಲ. ಅದು ನೆನಪಿನ ನಗು, ಮತ್ತು ನೆನಪು ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಆ ಖಾಲಿ ರಸ್ತೆ ಎಲ್ಲರಿಗೂ ಖಾಲಿಯಾಗಿರಲಿಲ್ಲ. ಶಿವಾಜಿನಗರದ ಗಲ್ಲಿಯಲ್ಲಿ ಮದುವೆ, ಮೆರವಣಿಗೆಗಳಿಗೆ ಕಹಳೆ ಊದುತ್ತಿದ್ದವರೂ ವಾದ್ಯಗಾರರೇ. ಹಲಸೂರಿನ ತಮಿಳರ ಕೇರಿಯಲ್ಲಿ ಇಳಯರಾಜರ ಬೇಸ್ ಗಿಟಾರಿಗೆ ಕಿವಿ ಕೊಟ್ಟವರೂ ರಸಿಕರೇ. ಅವರಿಗೆಲ್ಲ ದಂಡಿನ ರಾಕ್ ಚರಿತ್ರೆಯಲ್ಲಿ ಜಾಗ ಸಿಕ್ಕಿಲ್ಲ. ತಪ್ಪು ಚಿತ್ರಕಾರನದ್ದೆಂದು ನಾನು ಹೇಳುವುದಿಲ್ಲ, ಅವರು ತಾವು ಕಂಡ ಊರನ್ನು ಬರೆದರು. ಅದೊಂದನ್ನೇ ಚರಿತ್ರೆಯೆಂದು ಗೋಡೆಗೆ ಹಾಕಿಕೊಂಡವರು ನಾವು.

ಎಂಬತ್ತರ ಕೊನೆಯಿಂದಾಚೆಗೆ ಊರು ಬೇಗ ಬೇಗ ಬದಲಾಯಿತು. 1989ರಲ್ಲಿ ಕಾಲಿನ್ ಟಿಮ್ಸ್ ಬ್ರಿಗೇಡ್ ರಸ್ತೆಯ ಬದಿಯ ರೆಸ್ಟ್ ಹೌಸ್ ರಸ್ತೆಯಲ್ಲಿ ‘ಪೀಕೋಸ್’ ತೆರೆದರು: ಇಕ್ಕಟ್ಟಾದ ಮೆಟ್ಟಿಲು, ಗೋಡೆ ತುಂಬ ರಾಕ್ ತಾರೆಯರ ಪೋಸ್ಟರು, ಮಗ್ಗಿನಲ್ಲಿ ಬಿಯರು. 1996ರ ಆಗಸ್ಟ್ 15ರಂದು ಗೋಪಾಲ್ ನವಳೆ ‘ಫ್ರೀಡಂ ಜಾಮ್’ ಆರಂಭಿಸಿದರು. ಟಿಕೆಟ್ಟಿಲ್ಲ, ಯಾರು ಬೇಕಾದರೂ ಬಂದು ನುಡಿಸಬಹುದು. ತಿಂಗಳ ಮೊದಲ ಭಾನುವಾರ ಕಬ್ಬನ್ ಪಾರ್ಕಿನಲ್ಲಿ ‘ಸಂಡೇ ಜಾಮ್’ ಕೂಡ ನಡೆಯುತ್ತಿತ್ತು. ಬಸ್ಸು ಹಿಡಿದು ಜಯನಗರ, ರಾಜಾಜಿನಗರದ ಹುಡುಗರು ಬಂದರು. ಅಲ್ಲಿಗೆ ಪಾರ್ಕಿನ ಗಡಿ ಸಡಿಲವಾಯಿತು.

ಆ ಹೊತ್ತಿಗೆ ತಂಡಗಳ ಹೆಸರಿನಲ್ಲೇ ವ್ಯಂಗ್ಯ ಸೇರಿಕೊಂಡಿತ್ತು. 1996ರ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಎಂದರೆ ಮೂವರು ‘ಮಲ್’ಗಳು, ಅಂದರೆ ಮಲಯಾಳಿಗಳು, ಮತ್ತೊಬ್ಬ ಕಾಲು ಭಾಗದವನು. 2012ರಲ್ಲಿ ಅವರು ಬೆಂಗಳೂರಿನ ಆಟೊರಿಕ್ಷಾವನ್ನೇ ವಿಷಯ ಮಾಡಿಕೊಂಡು ಮೂರು ಸಿ.ಡಿ.ಗಳ ಆಲ್ಬಂ ತಂದರು. ಇನ್ನೊಂದು ತಂಡ ‘ಗಲೀಜ್ ಗುರೂಸ್’ ಎಂದೇ ಕರೆದುಕೊಂಡಿತು; ಈ ಹೆಸರು ಬೆಂಗಳೂರಿನ ಬೀದಿಯಲ್ಲಲ್ಲದೆ ಬೇರೆಲ್ಲೂ ಹುಟ್ಟಲಾರದು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ವಪದವನ್ನು ಡ್ರಮ್ಸ್, ಗಿಟಾರಿಗೆ ಹೊಂದಿಸಿದರು, ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಹಾಡಿದರು. ಶರೀಫರೇ ನಮ್ಮ ದೊಡ್ಡ ವಿಡಂಬನಕಾರರಲ್ಲವೇ? ಪ್ಲಾಜಾದ ಪರದೆ ನೋಡಿ ಉಡುಪು ಕಲಿತ ಊರು ಕೊನೆಗೂ ತನ್ನ ಬಟ್ಟೆಯಲ್ಲಿ ವೇದಿಕೆ ಹತ್ತಿತು.

ಹೊರಗಿನ ದೊಡ್ಡವರೂ ಬಂದರು. ದಂಡಿನ ಅಂಚಿನ ಅರಮನೆ ಮೈದಾನದಲ್ಲಿ 2002ರಲ್ಲಿ ರೋಜರ್ ವಾಟರ್ಸ್, 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ. ದೆಹಲಿಯ ಪಕ್ಕದ ಗುರುಗ್ರಾಮದಲ್ಲಿ ಎರಡು ದಿನ ಮೊದಲು ಮೆಟಾಲಿಕಾ ಕಾರ್ಯಕ್ರಮ ರದ್ದಾಗಿ ಗಲಾಟೆ ಎದ್ದಿತ್ತು. ಬೆಂಗಳೂರು ಆ ಮಟ್ಟಿಗೆ ಮಾನ ಉಳಿಸಿಕೊಂಡಿತು. 2003ರ ಏಪ್ರಿಲ್ 4ರಂದು ಮಳೆಯ ನಡುವೆ ರೋಲಿಂಗ್ ಸ್ಟೋನ್ಸ್ ಹಾಡಿದ್ದನ್ನು ನೋಡಿದವರು ಈಗಲೂ ಬಿಡದೆ ಹೇಳುತ್ತಾರೆ. ಈ ತಂಡದ ಗುರುತು ಹೊರಚಾಚಿದ ಕೆಂಪು ನಾಲಿಗೆ. 1970ರಲ್ಲಿ ಮಿಕ್ ಜಾಗರ್ ಲಂಡನ್ನಿನ ಭಾರತೀಯ ಅಂಗಡಿಯೊಂದರ ಕ್ಯಾಲೆಂಡರಿನ ಕಾಳಿಯ ಪಟ ತೋರಿಸಿ, ಜಾನ್ ಪ್ಯಾಶ್ ಎಂಬ ಕಲಾ ವಿದ್ಯಾರ್ಥಿಯಿಂದ ಐವತ್ತು ಪೌಂಡಿಗೆ ಬ್ಯಾಂಡಿನ ಗುರುತು ಮಾಡಿಸಿಕೊಂಡ. ನಮ್ಮ ಕಿರಾಣಿ ಅಂಗಡಿಗಳಲ್ಲಿ ತೂಗುವಂಥದೇ ಪಟ. ಆ ನಾಲಿಗೆ ಮೂವತ್ತು ವರ್ಷ ಲೋಕ ಸುತ್ತಿ, ಟೀ ಶರ್ಟುಗಳ ಮೇಲೇರಿ, ದುಬಾರಿ ಟಿಕೆಟ್ಟಿನೊಂದಿಗೆ ಬೆಂಗಳೂರಿಗೆ ಬಂತು.

ಸ್ಥಳೀಯ ತಂಡಗಳ ಪಾಡು ಮಾತ್ರ ಬೇರೆ. ನಗರದ ಬಾರುಗಳಲ್ಲಿ ಹೆಂಗಸರನ್ನು ಕುಣಿಸುವ ದಂಧೆಗೆ ಇಲ್ಲಿ ಚಾಲ್ತಿಯಲ್ಲಿದ್ದ ಹೆಸರು ‘ಲೈವ್ ಬ್ಯಾಂಡ್’. ಅದನ್ನು ಹತೋಟಿಗೆ ತರಲೆಂದು 2005ರಲ್ಲಿ ಸಾರ್ವಜನಿಕ ಮನರಂಜನೆಗೆ ಪರವಾನಗಿ ಕಡ್ಡಾಯ ಮಾಡುವ ಆದೇಶ ಬಂತು. ಸೂಚನೆ ಓದಿದ ಪೊಲೀಸರಿಗೆ ಗಿಟಾರು, ಡ್ರಮ್ಸ್ ಇಟ್ಟುಕೊಂಡು ನಿಂತ ನಾಲ್ವರು ಹುಡುಗರೂ ಲೈವ್ ಬ್ಯಾಂಡೇ. ಬಾರಿನ ಕುಣಿತವೂ ಜಿಮಿ ಹೆಂಡ್ರಿಕ್ಸನೂ ಒಂದೇ ಕಡತಕ್ಕೆ ಸೇರಿದರು. ಇಂದಿರಾನಗರದಲ್ಲಿ ಪಬ್ಬುಗಳು ಹೆಚ್ಚಿ, ರಾತ್ರಿಯ ಸದ್ದಿಗೆ ನಿವಾಸಿಗಳು ರೋಸಿಹೋಗಿ ಬೀದಿಗಿಳಿದದ್ದೂ ಸೇರಿಕೊಂಡಿತು. ಅವರ ದೂರಿನಲ್ಲಿ ನ್ಯಾಯ ಇರಲಿಲ್ಲವೆಂದು ಹೇಳಲಾರೆ. ಮಗುವನ್ನು ಮಲಗಿಸಬೇಕಾದವರಿಗೆ ಬೇಸ್ ಗಿಟಾರಿನ ಸೊಬಗು ಕಾಣುವುದು ಕಷ್ಟ. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು. ಹೊಸ ತಂಡಗಳಿಗೆ ವೇದಿಕೆಯಾಗಿದ್ದ ಇಂದಿರಾನಗರದ ‘ದಿ ಹಮ್ಮಿಂಗ್ ಟ್ರೀ’ 2019ರಲ್ಲಿ ಮುಚ್ಚಿತು.

ಕಚ್ಚುವ ನಗೆಯೂ ಈ ಹೊಸ ಊರಿನಲ್ಲೇ ಹುಟ್ಟಿತು, ಅದೂ ಬ್ಯಾಂಡಿನ ಒಳಗಿನಿಂದ. ‘ಲೌಂಜ್ ಪಿರಾನ್ಹಾ’ ಎಂಬ ಬೆಂಗಳೂರಿನ ತಂಡ 2008ರಲ್ಲಿ ‘ಗೋಯಿಂಗ್ ನೋವೇರ್’ ಎಂಬ ಆಲ್ಬಂ ತಂದಿತು. ಅದರ ಡ್ರಮ್ಮರ್ ಜಾರ್ಜ್ ಮ್ಯಾಥೆನ್. ಆತ ‘ಅಪ್ಪುಪನ್’ ಎಂಬ ಹೆಸರಲ್ಲಿ ಚಿತ್ರಕಾದಂಬರಿ ಬರೆಯುತ್ತಾನೆ. 2009ರಲ್ಲಿ ಚೆನ್ನೈನ ಬ್ಲಾಫ್ಟ್ ಪ್ರಕಾಶನ ಅವನ ‘ಮೂನ್‌ವರ್ಡ್’ ಹೊರತಂದಿತು. ಅವನ ಕತೆಗಳೆಲ್ಲ ನಡೆಯುವ ಲೋಕದ ಹೆಸರು ಹಾಲಾಹಲ. ಸಮುದ್ರಮಥನದ ಕತೆ ಕೇಳಿ ಬೆಳೆದ ನಮಗೆ ಆ ಲೋಕದ ರುಚಿ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಕಾಡು, ನಗರ, ದೈತ್ಯ ಜಾಹೀರಾತು, ಕೊಳ್ಳುತ್ತಲೇ ಸಾಯುವ ಜನ. ಎಲ್ಲಕ್ಕೂ ಕಪ್ಪು ಮಸಿಯ ದಟ್ಟ ನೆರಳು. 2013ರ ‘ಲೆಜೆಂಡ್ಸ್ ಆಫ್ ಹಾಲಾಹಲ’ದಲ್ಲಿ ಸಂಭಾಷಣೆಯೇ ಇಲ್ಲ. ಡ್ರಮ್ಮರನ ಪುಸ್ತಕ, ಮಾತಿಲ್ಲದೆಯೂ ಪುಟದಿಂದ ಪುಟಕ್ಕೆ ಲಯ ತಪ್ಪುವುದಿಲ್ಲ. ಚೌಕಟ್ಟು ಚಿಕ್ಕದಾದಷ್ಟೂ ಓಟ ಹೆಚ್ಚು, ಇದ್ದಕ್ಕಿದ್ದ ಹಾಗೆ ಎರಡು ಪುಟ ತುಂಬುವ ಚಿತ್ರ ಬಂದರೆ ಅಲ್ಲಿ ಉಸಿರು ನಿಲ್ಲುತ್ತದೆ. ಎಣಿಕೆ ತಿಳಿದವನ ಕೈ ಇದು.

ಕಳೆದ ದಶಕದ ನಡುವೆ ಅವನು ‘ರಾಷ್ಟ್ರಮಾನ್’ ಎಂಬ ಮಹಾವೀರನನ್ನು ಸೃಷ್ಟಿಸಿದ: ಉಬ್ಬಿದ ಎದೆ, ಬರಿದಾದ ತಲೆ, ದೇಶಭಕ್ತಿಯ ಹೆಸರಲ್ಲಿ ಎಲ್ಲರಿಗೂ ಉಪದೇಶ. ಇಲ್ಲಿ ಗತಕಾಲದ ಹಂಬಲವಿಲ್ಲ, ಪ್ರೀತಿಯ ಗೇಲಿಯೂ ಇಲ್ಲ. ಪಾಲ್ ಫರ್ನಾಂಡಿಸರ ಚಿತ್ರ ನೋಡಿದವರು ‘ನಾನೂ ಅಲ್ಲಿದ್ದೆ’ ಎನ್ನುತ್ತಾರೆ. ಅಪ್ಪುಪನ್ ಪುಟದಲ್ಲಿ ತಾನಿದ್ದೇನೆಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಾಗದು. ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನನ್ನ ಒಲವು ಎರಡನೆಯವನ ಕಡೆಗೆ ವಾಲುತ್ತದೆ, ಆದರೆ ಮನೆಯ ಗೋಡೆಗೆ ಒಂದು ಚಿತ್ರ ತಾ ಎಂದರೆ ಮೊದಲನೆಯವರದ್ದನ್ನೇ ತರುತ್ತೇನೆ.

ಎಂ.ಜಿ. ರಸ್ತೆಯ ಟ್ರಿನಿಟಿ ವೃತ್ತದ ಬಳಿ, ಮಿಡ್‌ಫರ್ಡ್ ಗಾರ್ಡನ್ನಿನ ಒಂದು ಕಟ್ಟಡದಲ್ಲಿ 2007ರಿಂದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ನಡೆಯುತ್ತ ಬಂದಿದೆ. ವಿ.ಜಿ. ನರೇಂದ್ರ ಮುಂದೆ ನಿಂತು ಕಟ್ಟಿದ್ದು. ಕೊರವಂಜಿಯ ಪರಂಪರೆಯ ನಗೆ ಕಬ್ಬನ್ ಪಾರ್ಕು ದಾಟಿ ದಂಡಿನೊಳಗೇ ಮನೆ ಮಾಡಿದೆ. ಪೀಕೋಸ್‌ಗೆ ಅಲ್ಲಿಂದ ಆಟೊದಲ್ಲಿ ಕೆಲವೇ ನಿಮಿಷ. ಅಪ್ಪುಪನ್ ಲೊರಾಂ ದೊದೆ ಎಂಬ ಫ್ರೆಂಚ್ ವಿಜ್ಞಾನಿಯ ಜೊತೆ ಸೇರಿ ಮಾಡಿದ ‘ಡ್ರೀಮ್ ಮಷೀನ್’ ಎಂಬ ಚಿತ್ರಕಾದಂಬರಿ 2024ರಲ್ಲಿ ಭಾರತದಲ್ಲಿ ಪ್ರಕಟವಾಯಿತು. ಈ ಸಲ ಅವನ ಮೊನೆಗೆ ಸಿಕ್ಕಿರುವುದು ಕೃತಕ ಬುದ್ಧಿಮತ್ತೆ, ಅದರ ಬೆನ್ನಿಗಿರುವ ದೊಡ್ಡ ದೊಡ್ಡ ಕಂಪನಿಗಳು. ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗೆ, ವೈಟ್ ಸಾಹೇಬ ತನ್ನವರಿಗೆಂದು ತೋಟ ಹಂಚಿದ ನೆಲದ ಆಸುಪಾಸಿನಲ್ಲಿ, ಆ ಕಸುಬಿನ ಕಚೇರಿಗಳೇ ಈಗ ಸಾಲುಗಟ್ಟಿವೆ.